ಭಾನುವಾರದವರೆಗೂ ಪರವಾಗಿಲ್ಲ

ಅಕ್ಕಾ,

ಹಾಲು ಕಾಯಿಸಿಟ್ಟಿದ್ದೇನೆ. ಮಾತ್ರೆ ತಿಂಡಿ ಆದಮೇಲೆ ತಗೋ, ಖಾಲಿ ಹೊಟ್ಟೆಯಲ್ಲಿ ಬೇಡ.

ಮನಸ್ಸು ಹೇಗಿದೆ ಅಂತ ದಿನಕ್ಕೊಂದು ಮಾತು ಕ್ಯಾಲೆಂಡರಿನಲ್ಲಿ ಬರೆ ಅಂದಿದ್ದರು ಡಾಕ್ಟರು. ಇವತ್ತಿನ್ನೂ ಗುರುವಾರ. ನೀನು ಭಾನುವಾರದವರೆಗೂ "ಪರವಾಗಿಲ್ಲ" ಅಂತ ತುಂಬಿಸಿಟ್ಟಿದ್ದೀಯ! ಔಷಧಿ ಗೋದಾಮಿನ ಕೋಲ್ಡ್ ರೂಮಿನಲ್ಲಿ ಗಂಟೆಗೊಮ್ಮೆ ಟೆಂಪರೇಚರ್ ಬರೆಯುವ ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ? ನಮ್ಮಲ್ಲೂ ಒಬ್ಬರು ಹೀಗೇ ಮೊದಲೇ ಬರೆದಿಟ್ಟು ಮನೆಗೆ ಹೋಗಿದ್ದರು. ಯಂತ್ರ ಕೆಟ್ಟಿದ್ದು ಯಾರಿಗೂ ತಿಳಿಯಲಿಲ್ಲ, ಔಷಧಿಯೆಲ್ಲ ಹಾಳಾಯಿತು. ಪುಸ್ತಕದಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು.

ನನಗೆ ಕೋಪ ಬಂದಿಲ್ಲ. ಬಂದಿದೆ, ಸ್ವಲ್ಪ. "ನಿನ್ನ ಮುಖ ಸಪ್ಪಗಾಗೋದು ನೋಡಕ್ಕಾಗಲ್ಲ ಕಣೇ" ಅಂತೀಯಲ್ಲ, ಅದಕ್ಕೇ ಹೀಗೆ ಮಾಡಿದ್ದೀಯ ಅಂತ ಗೊತ್ತು.

ಇವತ್ತಿನದು, ಮುಂದಿನದು ಎಲ್ಲ ರಬ್ಬರ್ ಹಿಡಿದು ಅಳಿಸಿದ್ದೇನೆ. ಬರೆಯಲು ಮನಸ್ಸಿಲ್ಲದ ದಿನ ಒಂದು ಚುಕ್ಕೆ ಇಡು, ಸಾಕು. ಮರೆತರೆ ಮರೆತೆ, ನಾನು ಕೇಳುವುದಿಲ್ಲ.

ಪೆನ್ಸಿಲ್ ಚೂಪು ಮಾಡಿ ಕ್ಯಾಲೆಂಡರಿನ ಮೊಳೆಗೇ ಕಟ್ಟಿದ್ದೇನೆ. ಇವತ್ತಿನ ಚೌಕದ ಮೇಲರ್ಧದಲ್ಲಿ ನನ್ನದು ಬರೆದೆ: ಹೆದರಿಕೆ.

ಕೆಳಗಿನರ್ಧ ನಿನಗೆ ಬಿಟ್ಟಿದ್ದೇನೆ.