ಕರಡಿಗೆಯ ಕೆಳಗಿನ ಕಲೆ

ಉಣಕಲ್, ಹುಬ್ಬಳ್ಳಿ
ಜುಲೈ ೧೪, ೨೦೨೫

ಚಿ. ವಾಣಿಶ್ರೀಗೆ ಅವ್ವನ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ಅದಕ್ಕೇ ಈ ಪತ್ರ.

ಎದೆಯ ಕೆಳಗೆ, ಲಿಂಗದ ಬೆಳ್ಳಿ ಕರಡಿಗೆ ತಾಗುವಲ್ಲಿ, ನನಗೆ ಕೆಂಪಗೆ ಕಲೆ ಎದ್ದಿತ್ತಲ್ಲ? ಬೆಳ್ಳಿ ಮೈಗೆ ಆಗಿಬರುತ್ತಿಲ್ಲವೆಂದು ನಾವೇ ತೀರ್ಮಾನಿಸಿದೆವು, ನಾನು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ. ಕಲೆ ಹೋಗಲಿಲ್ಲ, ಬೆನ್ನಿಗೂ ಹಬ್ಬಿತು. ಇಸಬು ಎಂದರು ಒಬ್ಬರು, ಹುಳಕಡ್ಡಿ ಎಂದರು ಇನ್ನೊಬ್ಬರು. ಹಚ್ಚದ ಮುಲಾಮಿಲ್ಲ. ಕಡೆಗೆ ಚರ್ಮದ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟಿನಲ್ಲಿ ‘ಮೈಕೋಸಿಸ್ ಫಂಗಾಯ್ಡಿಸ್’ ಎಂದಿತ್ತು. ಕಾಳಿನ ಅಂಗಡಿಯಲ್ಲೇ ಜೀವ ಸವೆಸಿದ ನಿಮ್ಮಪ್ಪನಿಗೆ ಅಷ್ಟೇ ಸಾಕಾಯಿತು. “ಫಂಗಸ್ ಅಂತ! ಜ್ವಾಳಕ್ಕ ಹಿಡಿಯೋ ಬೂಷ್ಟು ನಿನಗ ಹಿಡದೈತಿ!” ಎಂದು ಓಣಿಗೆಲ್ಲ ಸಾರಿದರು. ನಾನೂ ನಕ್ಕೆ.

ಮರುದಿನ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. “ಹೆಸರಷ್ಟ ಹಂಗ್ರಿ ಅವ್ವಾರ, ಇದು ಫಂಗಸ್ ಅಲ್ಲ. ಚರ್ಮದಾಗ ಬರೋ ಒಂದು ಕ್ಯಾನ್ಸರ್ ರಿ. ನಿಧಾನಕ್ಕ ಬೆಳಿತೈತಿ, ಬೆಳಕಿನ ಚಿಕಿತ್ಸೆ ಐತಿ. ತಡಾ ಮಾಡಬ್ಯಾಡ್ರಿ,” ಎಂದರು. ನಿಧಾನ ಎಂಬ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಭಯವಾಗುತ್ತಿದೆ ಮಗಳೇ. ರೊಟ್ಟಿ ಬಡಿಯುತ್ತಿದ್ದರೆ ಕೈ ಹಾಗೇ ನಿಂತುಬಿಡುತ್ತದೆ. ಬಚ್ಚಲಿಗೆ ಹೋದರೆ ನನ್ನ ಮೈ ನೋಡಿಕೊಳ್ಳಲು ನನಗೇ ಧೈರ್ಯವಿಲ್ಲ. ಎದುರಿಗೆ ಗಟ್ಟಿಗರಾಗಿ ಕಂಡರೂ ನಿಮ್ಮಪ್ಪನದು ಮೆತ್ತನೆ ಜೀವ, ಅವರಿಗೆ ಹೇಳಿಲ್ಲ. ನನ್ನ ಕೈ ಎಟುಕದ ಬೆನ್ನಿಗೆ ದಿನಾ ಫಂಗಸ್ಸಿನ ಮುಲಾಮು ಹಚ್ಚಿ, “ಕಮ್ಮಿ ಆಗೇತಿ ನೋಡು” ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಈಚೆಗೆ ಮುಲಾಮಿಗೂ ಜಿಪುಣತನ, ಬೆರಳು ಒಣ ಒಣ. ವ್ಯಾಪಾರಿ ಬುದ್ಧಿ ಬಿಡಲಿಲ್ಲವೆಂದು ಚೇಷ್ಟೆ ಮಾಡಿದೆ. ಅವರು ಟ್ಯೂಬನ್ನು ಗೂಡಿನಲ್ಲಿಟ್ಟು ಹೊರಗೆ ಹೋದರು.

ಶ್ರಾವಣ ಹಿಡಿಯುವ ಮೊದಲೇ ಚಿಕಿತ್ಸೆ ಶುರುವಾಗಬೇಕಂತೆ. ಒಬ್ಬಳೇ ಹೋಗಲಾರೆ. ಬೆಳಗಾವಿಯೇನು ದೂರವೇ? ರಜೆ ಹಾಕಿ ಬಾ. ಬಂದು ನಿಮ್ಮಪ್ಪನಿಗೂ ನೀನೇ ಹೇಳು, ನನ್ನ ಬಾಯಿಂದ ಬರುವುದಿಲ್ಲ.

ದಾರಿ ಕಾಯುತ್ತಿರುವ
ನಿನ್ನ ಅವ್ವ
ಶಿವಲಿಂಗವ್ವ

ತಾ.ಕ.: ಕೆಲಸಕ್ಕೆ ಬಾರದ ಆ ಮುಲಾಮನ್ನು ಬಿಸಾಡೋಣವೆಂದು ಈಗ ಟ್ಯೂಬ್ ಕೈಗೆತ್ತಿಕೊಂಡೆ. ಪೂರ್ತಿ ಖಾಲಿ. ಬಾಯಿ ಒಣಗಿ ಕಲ್ಲಾಗಿದೆ, ಎಷ್ಟು ದಿನವಾಯಿತೋ. ನಿನ್ನೆಯೂ ಹಚ್ಚಿದರಲ್ಲೇ ವಾಣಿ! ಬರಿ ಬೆರಳಾಡಿಸಿ “ಕಮ್ಮಿ ಆಗೇತಿ” ಎಂದರೇ? ಅವರೂ ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬಂದಿರಬೇಕು. ನೀನು ಹೇಳುವುದು ಏನೂ ಉಳಿದಿಲ್ಲ. ಬಾ, ಅಷ್ಟೇ. ಇಬ್ಬರೂ ಹೆದರಿದ್ದೇವೆ.