ಬಾಯಿ ಮುಚ್ಚಿಸಿದ ಕಾರಿನ ಮಾಲೀಕರಿಗೆ

ಹೆದ್ದಾರಿ ಕೇರಿ, ಶಿರಾ
ಫೆಬ್ರವರಿ ೩೪, ೨೧೪೨

ಓಂಕಾರಪ್ಪನವರಿಗೆ,

ಮೇಲಿನ ತಾರೀಖನ್ನು ನೋಡಿ ಯಾರೋ ತಲೆಕೆಟ್ಟವರು ಬರೆದದ್ದೆಂದು ಕಾಗದ ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಯನ್ನು ಎಳೆದು ಉದ್ದ ಮಾಡಿಕೊಂಡಿದ್ದೇವೆ, ಏಕೆಂದರೆ ಅದು ಮುಗಿದೊಡನೆ ಬರುವ ತಿಂಗಳು ಯಾರಿಗೂ ಬೇಡ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ನುಸುಳಿದರೆ ಕ್ಷಮಿಸಿ. ನಿಮ್ಮ ಮಾತು ಮಾತ್ರ ನನಗೆ ಚೆನ್ನಾಗಿ ತಿಳಿಯುತ್ತದೆ. ಒಂದು ವರ್ಷದಿಂದ ನಿಮ್ಮ ದನಿಯನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಕ್ಷಮೆ ಕೇಳುವುದು ಆ ಪದಗಳಿಗೆ ಮಾತ್ರ, ಮುಂದೆ ಬರುವ ಬೈಗುಳಕ್ಕಲ್ಲ.

ನನ್ನ ಹೆಸರು ಈರಬಡಕ್ಕ. ನಾನು ತೊಳೆಗಾರ್ತಿ. ಅಂದರೆ, ನಿಮ್ಮ ಕಾಲದವರು ಬಿಟ್ಟುಹೋದ ಕಾರುಗಳನ್ನು ಕೆರೆಯಂಗಳದಿಂದಲೋ ಸೇತುವೆಯ ಬುಡದಿಂದಲೋ ಎಳೆದು ತಂದ ಮೇಲೆ, ಅವುಗಳ ಒಳಗನ್ನು ತಿಕ್ಕಿ ತೊಳೆದು ಮನುಷ್ಯರು ಕೂರುವಂತೆ ಮಾಡುವುದು ನನ್ನ ಕಸುಬು. ಈ ಕಾರುಗಳು ಓಡುವುದಿಲ್ಲ. ಓಡಿಸೋಣವೆಂದರೆ ನಮಗೆ ರಸ್ತೆಯೂ ಇಲ್ಲ, ಹೋಗಬೇಕಾದ ಊರೂ ಇಲ್ಲ. ನಾವು ಇವನ್ನು ಉಸಿರುಗೂಡು ಎನ್ನುತ್ತೇವೆ. ಫೆಬ್ರವರಿ ಕಳೆಯುತ್ತಲೇ ಉತ್ತರದ ಕಡೆಯಿಂದ ಕೆಂಧೂಳಿ ಏಳುತ್ತದೆ. ಅದು ಗಾಳಿಯೂ ಅಲ್ಲ, ಮಣ್ಣೂ ಅಲ್ಲ, ಎರಡೂ ಸೇರಿ ಹಿಟ್ಟಾದಂಥದ್ದು. ಗೋಡೆ, ಕದ, ಒದ್ದೆ ಕಂಬಳಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ನಿಮ್ಮ ಕಾರಿನ ಬಾಗಿಲಂಚಿನ ರಬ್ಬರಿಗೆ ಮಾತ್ರ ಜಗ್ಗುತ್ತದೆ. ಹಾಗಾಗಿ ಗಾಜು ಏರಿಸಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ, ಮನೆಮಂದಿಯೆಲ್ಲ ಮುದುರಿಕೊಂಡು ಕೂರುತ್ತೇವೆ. ಮನೆಗೊಂದು ಗೂಡು. ಛಾವಣಿಯ ಮೇಲಿನ ಬಿಸಿಲುಹಲಗೆಯಿಂದ ಬ್ಯಾಟರಿ ತುಂಬಿಕೊಂಡಿರುತ್ತದೆ. ಕಟಕಲು ರೊಟ್ಟಿ, ಹುರಿಗಡಲೆ, ನೀರಿನ ತಿತ್ತಿ ಇಟ್ಟುಕೊಂಡಿರುತ್ತೇವೆ. ಮಕ್ಕಳು ಹಿಂದಿನ ಸೀಟಿನಲ್ಲಿ ಕಾಲು ಒದ್ದಾಡುತ್ತ ಜಗಳವಾಡುತ್ತವೆ, ದೊಡ್ಡವರು ದನಿಪೆಟ್ಟಿಗೆಯಲ್ಲಿ ಉಳಿದಿರುವ ನಿಮ್ಮ ಕಾಲದ ಹಾಡುಗಳನ್ನು ಹಾಕಿಕೊಂಡು ಹೊತ್ತು ಕಳೆಯುತ್ತಾರೆ.

ಮುಚ್ಚಿದ ಗೂಡಿನಲ್ಲಿ ಅದೇ ಗಾಳಿಯನ್ನು ಎಲ್ಲರೂ ಉಸಿರಾಡಿದರೆ ಅದು ಕೆಡುತ್ತದೆ. ಕೆಟ್ಟ ಗಾಳಿಗೆ ವಾಸನೆಯಿಲ್ಲ, ಹಿತವಾಗಿ ನಿದ್ದೆ ಬರುತ್ತದೆ, ಅಷ್ಟೇ. ಕಾದು ಕೂತು ಆಗಾಗ ಕಿಟಕಿ ಇಳಿಸಬಾರದೇ ಎಂದು ನೀವು ಕೇಳಬಹುದು. ಕಾದು ಕೂತವರಿಗೇ ಮೊದಲು ಕಣ್ಣು ಎಳೆಯುವುದು. ಇದನ್ನು ತಿಳಿದೇ ಆ ಕಾರು ಕಟ್ಟಿದವರು, ಅವರ ಹೊಟ್ಟೆ ತಣ್ಣಗಿರಲಿ, ಒಳಗೊಂದು ಮೂಗು ಇಟ್ಟಿದ್ದರು. ಗಾಳಿ ಕೆಟ್ಟಿತೆಂದರೆ ಮೂಗು ದನಿಪೆಟ್ಟಿಗೆಗೆ ಹೇಳುತ್ತದೆ. ದನಿಪೆಟ್ಟಿಗೆ ಹಾಡನ್ನು ತಗ್ಗಿಸಿ, ಟಿಣ್ ಟಿಣ್ ಎಂದು ಬಡಿದು, ಒಬ್ಬ ಹೆಂಗಸಿನ ದನಿಯಲ್ಲಿ ಗಾಳಿ ಕೆಟ್ಟಿದೆ, ಕಿಟಕಿ ತೆರೆಯಿರಿ ಎನ್ನುತ್ತದೆ. ನಾವು ಎಚ್ಚೆತ್ತು, ಸೋಸುಬಟ್ಟೆ ಕಟ್ಟಿದ ಗಾಜನ್ನು ಎರಡು ಉಸಿರಿನ ಹೊತ್ತು ಬೆರಳಷ್ಟು ಇಳಿಸಿ, ಮತ್ತೆ ಏರಿಸುತ್ತೇವೆ. ಅಷ್ಟರಲ್ಲಿ ನುಸುಳುವ ಧೂಳಿಗೆ ಯಾರೂ ಸಾಯುವುದಿಲ್ಲ. ಆ ಹೆಂಗಸನ್ನು ನಮ್ಮ ಕೇರಿಯಲ್ಲಿ ಕೂಗಮ್ಮ ಎಂದು ಕರೆಯುತ್ತೇವೆ. ಧೂಳಿ ಇಳಿದ ದಿನ ಮೊದಲು ಬೆಂದ ರೊಟ್ಟಿಯನ್ನು ಅವಳ ಹೆಸರಿನಲ್ಲಿ ಸ್ಟೇರಿಂಗಿನ ಮುಂದೆ ಇಟ್ಟು ಕೈಮುಗಿಯುತ್ತೇವೆ.

ಇನ್ನು ನಿಮ್ಮ ಕಾರಿನ ವಿಷಯ. ಹೊಲಸು ನನಗೆ ಹೊಸದಲ್ಲ. ಎಷ್ಟೋ ಕಾರುಗಳ ಗಬ್ಬು ಬಳಿದಿದ್ದೇನೆ. ಆದರೆ ನಿಮ್ಮ ಕಾರಿನ ಬಾಗಿಲು ತೆಗೆದ ದಿನ ನಾನು ಹೊರಗೆ ಓಡಿಬಂದು ವಾಂತಿ ಮಾಡಿಕೊಂಡೆ. ಸೀಟಿಗೆ ಅಂಗಡಿಯಲ್ಲಿ ಹಾಕಿಕೊಟ್ಟ ಪ್ಲಾಸ್ಟಿಕ್ ಕವರನ್ನು ನೀವು ಕೊನೆಯತನಕ ತೆಗೆದೇ ಇರಲಿಲ್ಲ. ಸೀಟು ಹೊಸದಾಗಿರಲಿ ಎಂದು! ಅದರಡಿಯಲ್ಲಿ ಬೆವರು ಕೊಳೆತು ಬೂಸ್ಟು ಹಿಡಿದು ಬೆರಳು ದಪ್ಪ ಕೂತಿತ್ತು. ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದ್ದ ಸೆಂಟಿನ ಡಬ್ಬಿ ಸೋರಿ ಪ್ಲಾಸ್ಟಿಕ್ಕನ್ನೇ ತಿಂದಿತ್ತು. ಗಾಳಿ ಸೋಸುವ ಜಾಲರಿಯನ್ನು ಎಳೆದರೆ ಕೂದಲು, ಊದುಬತ್ತಿಯ ಬೂದಿ, ಒಂದು ಸತ್ತ ಹಲ್ಲಿ. ಅದನ್ನು ಎಂದಾದರೂ ಒಮ್ಮೆ ಹೊರಗೆ ತೆಗೆದು ಕೊಡವಿದ್ದಿರಾ? ಪೆನ್ ಡ್ರೈವ್ ಚುಚ್ಚುವ ತೂತಿನಲ್ಲಿ ಕಡಲೆಕಾಯಿ ಸಿಪ್ಪೆ. ಗಾಜು ಏರಿಸುವ ಗುಂಡಿಗಳಿಗೆ ಕಬ್ಬಿನ ಹಾಲು ಅಂಟಿ, ಒತ್ತಿದರೆ ಒತ್ತಿದಂತೆಯೇ ಕೂರುತ್ತಿದ್ದವು. ಬಾಗಿಲಿನ ಸ್ಪೀಕರ್ ಜಾಲರಿಯ ತುಂಬ ಗುಟ್ಕಾ. ಕಿಟಕಿಯಾಚೆ ಉಗಿಯುವುದಕ್ಕೂ ಸೋಮಾರಿತನ. ಕಾರನ್ನು ಬಳಸುವ ಬಗೆ ತಿಳಿಸುವ ಪುಸ್ತಕ ಕೂಡ ಸಿಕ್ಕಿತು, ಕವರು ಸಹ ಒಡೆಯದೆ. ದನಿಯನ್ನು ತಾರಕಕ್ಕೇರಿಸಿ ಒಡೆದುಹಾಕಿದ ಸ್ಪೀಕರು ಗಡಗಡ ಅನ್ನುತ್ತಿತ್ತೇನೋ, ಅದು ಅಲುಗಾಡದಂತೆ ಆ ಪುಸ್ತಕವನ್ನು ಸಂದಿಗೆ ತುರುಕಿದ್ದಿರಿ. ಒಂದು ಒಣ ಮೆತ್ತನೆ ಬಟ್ಟೆ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ವಾರಕ್ಕೊಮ್ಮೆ ಸ್ವಲ್ಪ ಹೊತ್ತು. ಇಷ್ಟೇ ಸ್ವಾಮಿ ಆ ಕಾರು ನಿಮ್ಮಿಂದ ಕೇಳಿದ್ದು.

ಹೊಲಸನ್ನು ತೊಳೆಯಬಹುದು, ತೊಳೆದೆ. ತೊಳೆಯಲಾಗದ್ದು ಏನೆಂದು ನನಗೆ ಆಗ ತಿಳಿದಿರಲಿಲ್ಲ. ಹೋದ ಧೂಳಿಯ ಹೊತ್ತಿಗೆ ನಮ್ಮ ಮನೆಗೆ ಎರಡು ಗೂಡುಗಳಾದವು ಎಂದು ಹಿಗ್ಗಿ, ಹಳೆಯದರಲ್ಲಿ ನಾನೂ ಮೊಮ್ಮಗಳು ಚಿತ್ತಕ್ಕನೂ ಕೂತೆವು. ನಿಮ್ಮ ಕಾರು ದೊಡ್ಡದು, ಕಾಲು ಚಾಚಬಹುದು ಎಂದು ನನ್ನ ಮಗಳು ಹೊನ್ನೂರಿಯನ್ನು ಅದರಲ್ಲಿ ಕೂರಿಸಿದೆ. ಅವಳು ಬಸುರಿ. ಧೂಳಿ ಇಳಿದ ಮೇಲೆ ಹೋಗಿ ನೋಡಿದರೆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಳು. ಪರದೆಯ ಮೇಲೆ ಕೆಂಪು ಅಕ್ಷರಗಳು ಮಿನುಗುತ್ತಲೇ ಇದ್ದವು. ಗಾಳಿ ಕೆಟ್ಟಿದೆ, ಕಿಟಕಿ ತೆರೆಯಿರಿ. ಮೂಗು ತನ್ನ ಕೆಲಸ ಮಾಡಿತ್ತು. ಕೂಗಮ್ಮ ಕೂಗಿರಲಿಲ್ಲ.

ಏಕೆ ಕೂಗಲಿಲ್ಲ ಎಂದು ಹುಡುಕುತ್ತಿದ್ದಾಗ ನಿಮ್ಮ ದನಿ ನನಗೆ ಸಿಕ್ಕಿತು. ಸ್ಟೇರಿಂಗಿನ ಮೇಲೆ ಮಾತಿನ ಅಪ್ಪಣೆ ಕೊಡಲು ಒಂದು ಗುಂಡಿಯಿದೆ. ಅದು ಏತಕ್ಕಿದೆ ಎಂದು ನಿಮಗೆ ಗೊತ್ತಿತ್ತೋ ಇಲ್ಲವೋ, ಮೊಣಕೈಯನ್ನು ಸದಾ ಅದರ ಮೇಲೆ ಊರಿಕೊಂಡೇ ಕೂರುತ್ತಿದ್ದಿರಿ. ಕಾರು ಪಾಪ, ಯಜಮಾನರು ಏನೋ ಅಪ್ಪಣೆ ಕೊಡುತ್ತಿದ್ದಾರೆಂದು ನೀವಾಡಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಂಡಿದೆ. ನಿಮ್ಮ ತೇಗು, ನಿಮ್ಮ ಆಕಳಿಕೆ, ಮುಂದಿನ ಲಾರಿಯವನ ತಾಯಿಯ ಕುರಿತು ನೀವು ಆಡಿದ ಮಾತು, ಎಲ್ಲವೂ ಇದೆ. ಮೊದಲು ಸೀಟುಬೆಲ್ಟಿನ ಗಂಟೆ. "ಲೇ ಗೌರಿ, ಅದೇನೇ ಅಂಗೆ ಬಡ್ಕಂತೈತೆ?" ಎಂದು ನೀವು. "ಬೆಲ್ಟ್ ಹಾಕ್ಕಳ್ರೀ ಅಂತೈತೆ" ಎಂದು ನಿಮ್ಮ ಮನೆಯವರು. "ಹೊಟ್ಟೆ ಒತ್ತುತೈತೆ ಕಣೇ, ಆ ಕ್ಲಿಪ್ ಸಿಗ್ಸು ಅತ್ಲಾಗೆ." ಆ ಕ್ಲಿಪ್ಪನ್ನು ನಾನೇ ಕಿತ್ತಿದ್ದೇನೆ. ಬೆಲ್ಟು ಹಾಕಿಕೊಂಡಿದ್ದೇನೆ ಎಂದು ಕಾರಿಗೆ ಸುಳ್ಳು ಹೇಳಲು ಮಾಡಿಸಿದ ಒಂದು ತುಂಡು ಕಬ್ಬಿಣ, ಅದರ ಮೇಲೊಂದು ದೇವರ ಚಿತ್ರ. ನಿಮ್ಮ ಪ್ರಾಣ ಉಳಿಸಲು ಬಡಿದುಕೊಳ್ಳುತ್ತಿದ್ದ ಗಂಟೆಯನ್ನು ಸುಮ್ಮನಾಗಿಸಲು ದುಡಿದು ಕಾಸು ಕೊಟ್ಟು ಸಾಮಾನು ಕೊಂಡ ನಿಮ್ಮಂಥವರು ಬೇರೆ ಯಾವ ಕಾಲದಲ್ಲೂ ಇರಲಾರರು.

ಆಮೇಲೆ ಕೂಗಮ್ಮನ ಸರದಿ. ನೀವು ಗಾಜು ಏರಿಸಿಕೊಂಡು ಸಿಗರೇಟು ಸೇದುವಿರಿ, ಅವಳು ಗಾಳಿ ಕೆಟ್ಟಿದೆ ಎನ್ನುವಳು, ನಿಮ್ಮ ಕ್ರಿಕೆಟ್ಟಿನ ವಿವರಣೆ ಒಂದು ಗಳಿಗೆ ತಗ್ಗುವುದು, ನೀವು ಉರಿದುಬೀಳುವಿರಿ. ಹಿಂದಿನ ಸೀಟಿನಲ್ಲಿ ಒಂದು ಮಗು ಕೆಮ್ಮುವುದು ಕೇಳುತ್ತದೆ. ನಿಮ್ಮ ಮನೆಯವರು ಒಮ್ಮೆ ಮೆಲ್ಲಗೆ, "ಅವ್ಳು ಹೇಳಾದು ನಿಜಾನೇ ಅಲ್ವೇನ್ರೀ, ಮಗೀಗೆ ಉಸ್ರು ಕಟ್ಟುತೈತೆ" ಎನ್ನುತ್ತಾರೆ. ಅದಕ್ಕೆ ನಿಮ್ಮ ಉತ್ತರ, "ಮನೇಲಿ ನೀನೊಬ್ಬಳು ಸಾಲ್ದು ಅಂತ ಇಲ್ಲಿ ಇವಳೊಬ್ಬಳು." ಹೇಳಿ ನೀವೇ ನಕ್ಕಿರಿ. ಮುಂದೆ ಕಾರಿನೊಳಗಿನ ಆ ಮೂಗಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದಿರಿ. ಅದು ಬಿಸಿಲಿಗೆ ಎದ್ದುಬಂತು. ಆಗ ಕಿಟ್ಟಿ ಎಂಬ ಮೆಕ್ಯಾನಿಕ್ಕನನ್ನು ಕರೆಸಿದಿರಿ. "ಹಾಡು ಬತ್ತೈತಣ್ಣ, ಇವಳ ಬಾಯಿ ಮಾತ್ರ ಬಂದಾಯ್ತದೆ, ಒಂದ್ ವೈರ್ ಕಟ್ ಮಾಡಿದ್ರೆ ಆಯ್ತು" ಎನ್ನುತ್ತಾನೆ ಅವನು. "ಎಲ್ಲಿ ಕಟ್ ಮಾಡ್ತೀಯಲೇ?" ಎಂದು ನೀವು. "ಇಲ್ಲೇ ಅಣ್ಣ, ನೋಡು." "ಹ್ಞೂಂ, ಅಲ್ಲೇ ಮಾಡು." ಅಷ್ಟೇ. ಆ "ಇಲ್ಲೇ" ಎಂಬುದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನಿದ್ದೆಯಲ್ಲೂ ಕೇಳಿಸುತ್ತದೆ. ಕಾರಿಗೆ ಕಿವಿಯಿತ್ತೇ ಹೊರತು ಕಣ್ಣಿರಲಿಲ್ಲ. ಅವನ ಬೆರಳು ಎಲ್ಲಿತ್ತೆಂದು ಅದಕ್ಕೆ ಗೊತ್ತಿಲ್ಲ.

ನಾನು ಹುಡುಕದೇ ಬಿಟ್ಟಿಲ್ಲ. ಮೂಗು ಸರಿಯಿದೆ. ಒಡೆದ ಸ್ಪೀಕರನ್ನು ತೆಗೆದು ಬೇರೆ ಹಾಕಿದ್ದೇನೆ, ಹಾಡು ಸೊಗಸಾಗಿ ಬರುತ್ತದೆ. ಅವೆರಡರ ನಡುವೆ ಎಲ್ಲೋ ಮಾತು ಸಾಯುತ್ತಿದೆ. ಆ ತಂತಿ ಮುಂದಿನ ಹಲಗೆಯ ಹಿಂದೆ, ನೆಲದ ಅಡಿಯಲ್ಲಿ, ಬಾಗಿಲಿನ ಕಂಬದೊಳಗೆ ಸುತ್ತಿ ಸುತ್ತಿ ಹೋಗುತ್ತದೆ. ಎಲ್ಲವನ್ನೂ ಬಿಚ್ಚಿದರೆ ಧೂಳು ತಡೆಯುವ ಅಂಟು ಹರಿದುಹೋಗುತ್ತದೆ. ಅಂಥ ಅಂಟು ಈಗ ಸಿಗುವುದಿಲ್ಲ. ಒಂದು ಕಡೆ ಬಿಚ್ಚಿದರೆ ಇರುವ ಚೂರು ಅಂಟಿನಲ್ಲಿ ಮೆತ್ತಬಹುದು, ಒಂದೇ ಕಡೆ. ನಮ್ಮ ಹಳೆಯ ಗೂಡಿನ ರಬ್ಬರು ಈ ವರ್ಷ ಸೀಳಿಹೋಯಿತು. ಕೇರಿಯ ಬೇರೆ ಗೂಡುಗಳಲ್ಲಿ ಇನ್ನೊಬ್ಬರ ಉಸಿರಿಗೆ ಜಾಗವಿಲ್ಲ. ಕೇಳಿದೆ, ಅವರು ಅತ್ತರು, ಇಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಿತ್ತಕ್ಕನನ್ನು ಅವಳ ತಾಯಿ ಸತ್ತ ಸೀಟಿನಲ್ಲೇ ಕೂರಿಸಬೇಕು, ಧೂಳಿ ಇನ್ನೇನು ಬಂತು.

ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಕಳೆದುಹೋದವರಿಗೆ ಬರೆಯುವ ಓಲೆ. ಒಂದು ಮನೆತನಕ್ಕೆ ಒಂದೇ ಹಿಂದೋಲೆ. ಓಲೆಕಟ್ಟೆಯವರು ತೆಗೆದುಕೊಳ್ಳುತ್ತಾರೆ, ಹೇಗೆ ತಲುಪಿಸುತ್ತಾರೋ ನನಗೆ ತಿಳಿಯದು. ನನ್ನ ತಾಯಿ ನಮ್ಮ ಪಾಲಿನದನ್ನು ಮುಟ್ಟದೆ ಉಳಿಸಿದ್ದಳು. ಅವಳ ಅಜ್ಜಿ ಬಲು ಒಳ್ಳೆಯವಳಂತೆ, ಆಕೆಗೆ ಒಂದು ಸಲ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕೆಂಬುದು ನನ್ನ ತಾಯಿಯ ಆಸೆ. ಅಂಥದ್ದನ್ನು ತಂದು ನಾನು ನಿಮ್ಮ ಕಾಲಿಗೆ ಸುರಿಯುತ್ತಿದ್ದೇನೆ. ನೆನೆದರೆ ನನ್ನ ಮೇಲೆಯೇ ನನಗೆ ಹೇಸಿಗೆಯಾಗುತ್ತದೆ. ತಂತಿಯನ್ನು ಕತ್ತರಿಸಬೇಡಿ ಎಂದೇ ಬರೆಯುತ್ತೇನೆ ಎಂದು ಕಟ್ಟೆಯವರ ಮುಂದೆ ಹಟ ಹಿಡಿದೆ. ಆಗಿಹೋದದ್ದನ್ನು ತಿದ್ದುವ ಓಲೆಗಳು ತಲುಪದೆ ವಾಪಸು ಬರುತ್ತವೆ ಕಣವ್ವ ಎಂದು ಅವರು ಹೇಳಿದರು. ಹೊನ್ನೂರಿ ಸತ್ತಿದ್ದಾಳೆ, ಸತ್ತೇ ಇರುತ್ತಾಳೆ. ಆದ್ದರಿಂದ ನೀವು ತಂತಿ ಕತ್ತರಿಸಿಯಾದ ಮೇಲೆ ಈ ಓಲೆ ನಿಮಗೆ ಮುಟ್ಟುವಂತೆ ಕೊಡುತ್ತಿದ್ದೇನೆ. ಅದನ್ನು ಮತ್ತೆ ಜೋಡಿಸಿ ಎಂದೂ ಕೇಳುವಂತಿಲ್ಲ. ನಮ್ಮ ಕಾಲದಲ್ಲಿ ಯಾರೂ ಇನ್ನೂ ಕಣ್ಣಾರೆ ನೋಡದೇ ಇರುವುದನ್ನು, ಹೀಗೂ ಇರಬಹುದು ಹಾಗೂ ಇರಬಹುದು ಎಂಬಂಥದ್ದನ್ನು ಮಾತ್ರ ಕೇಳಬಹುದಂತೆ.

ನಾನು ನೋಡದೇ ಬಿಟ್ಟಿರುವುದು ಒಂದಿದೆ. ಆ ಕಾರಿನ ಮೂಲೆಮೂಲೆಯನ್ನೂ ತೊಳೆದ ನಾನು ಡಿಕ್ಕಿಯ ನೆಲವನ್ನು ಮಾತ್ರ ಮುಟ್ಟಿಲ್ಲ. ಅಲ್ಲಿ ನಿಮ್ಮ ಸ್ಟೆಪ್ನಿ ಚಕ್ರ ತುಕ್ಕು ಹಿಡಿದು ಕೂತಿದೆ. ಅದರಡಿಯ ತಗಡನ್ನು ಈವರೆಗೆ ಯಾರೂ ನೋಡಿಲ್ಲ. ನಿಮ್ಮ ಉತ್ತರಕ್ಕೆಂದು ಆ ಜಾಗವನ್ನು ನಾನು ಉಳಿಸಿಟ್ಟಿದ್ದೇನೆ.

ಓಂಕಾರಪ್ಪನವರೇ, ನಿಮ್ಮನ್ನು ಬದಲಾಗಿ ಎಂದು ಕೇಳುತ್ತಿಲ್ಲ. ಕಾರಿನಲ್ಲಿ ಉಗಿಯಿರಿ, ಸೇದಿರಿ, ಪ್ಲಾಸ್ಟಿಕ್ಕಿನ ಮೇಲೆಯೇ ಕೂತು ಬೆವರಿ. ಒಂದೇ ಒಂದು ಸಲ ಸ್ಟೆಪ್ನಿಯನ್ನು ಎತ್ತಿ, ಒಂದು ಮೊಳೆ ತೆಗೆದುಕೊಂಡು, ಕಿಟ್ಟಿ ಎಲ್ಲಿ ಕತ್ತರಿಸಿದನೆಂದು ಆ ತಗಡಿನ ಮೇಲೆ ಕೆರೆಯಿರಿ. ಪೆನ್ನಿನಲ್ಲಿ ಬರೆಯಬೇಡಿ, ಅಳಿಸಿಹೋಗುತ್ತದೆ. ನಿಮಗೆ ನೆನಪಿಲ್ಲದಿದ್ದರೆ ಗೌರಮ್ಮನವರನ್ನು ಕೇಳಿ, ಅವರು ನೋಡುತ್ತಿದ್ದರೆಂದು ನನಗೆ ಅನ್ನಿಸುತ್ತದೆ. ನಾನು ಈ ಓಲೆಯನ್ನು ಕಟ್ಟೆಗೆ ಕೊಟ್ಟು, ನೇರವಾಗಿ ಹೋಗಿ ಚಕ್ರ ಎತ್ತುತ್ತೇನೆ. ನನಗೆ ಕಣ್ಣು ಮಂಜು, ಓದುವವಳು ಚಿತ್ತಕ್ಕ. ಅವಳು ಈಗಷ್ಟೇ ಅಕ್ಷರ ಕೂಡಿಸಲು ಕಲಿಯುತ್ತಿದ್ದಾಳೆ. ದಯವಿಟ್ಟು ದಪ್ಪಗೆ, ಬಿಡಿಬಿಡಿಯಾಗಿ ಬರೆಯಿರಿ.

ಈರಬಡಕ್ಕ