ಕೆನ್ನೆಗೆ ಒತ್ತಿದ ಹಗ್ಗ

ಚೋರ್ನಿ ಕೊಲ್ಲಿ, ಬಿಳಿ ಸಮುದ್ರ
ಏಪ್ರಿಲ್ 6

ಮಗಳೇ ಉಸ್ತ್ಯಾ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯ. ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ನನಗೆ ಈ ಶಿಕ್ಷೆ. ಕಂದಲಕ್ಷ ಪೇಟೆಯಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ರಿಪೇರಿ ಮಾಡಿಸಲು ಹೋದವಳಿಗೆ ಅಮ್ಮನ ಜೊತೆ ಎರಡು ಮಾತಾಡಲು ಪುರುಸೊತ್ತಿಲ್ಲವೇ?

ನಾನು ಹಗ್ಗ ಹಿಡಿದು ನಿದ್ದೆ ಹೋಗಿದ್ದೆ ಎಂದು ನೀನು ಕೆಲಸಕ್ಕಿಟ್ಟ ಆ ಹುಡುಗ ರೋದಿಯೋನ್ ಹೇಳಿದ, ನೀನು ನಂಬಿದೆ. ನನ್ನನ್ನೊಂದು ಮಾತು ಕೇಳಲಿಲ್ಲ. ಹತ್ತೊಂಬತ್ತು ವರ್ಷ ಮಂಜುಗಡ್ಡೆಯ ಕಿಂಡಿಯ ಬಳಿ ಮಂಡಿಯೂರಿ, ಕೆಳಗೆ ಮುಳುಗಿದವರ ಸೊಂಟದ ಹಗ್ಗ ಹಿಡಿದವಳು ನಾನು. ಆ ಜಾಗದಲ್ಲಿ ಅವನನ್ನು ತಂದು ಕೂರಿಸಿ ನೀನು ಬಸ್ಸು ಹತ್ತಿದೆ.

ಮೊನ್ನೆ ಏನಾಯಿತು ಗೊತ್ತೇನು? ನೀರಡಿಯ ಚಿತ್ರ ತೆಗೆಯಲು ಕ್ಯಾಮೆರಾ ತಂದಿದ್ದ ಆ ಡಾಕ್ಟರು ಕಿಂಡಿಯಿಂದ ಕೆಳಗೆ ಮುಳುಗಿದ್ದರು. ನಿನ್ನ ರೋದಿಯೋನ್ ಹಗ್ಗದ ತುದಿಯನ್ನು ಹಿಮದ ಬಂಡಿಯ ಕೊಕ್ಕೆಗೆ ಕಟ್ಟಿ ಚಹಾ ಕುಡಿಯುತ್ತ ನಿಂತಿದ್ದ.

"ಏನೋ ಇದು?" ಎಂದೆ.

"ಕಬ್ಬಿಣ ನಿದ್ದೆ ಮಾಡಲ್ಲ ಅಜ್ಜಿ," ಎಂದು ಹಲ್ಲು ಕಿರಿದ.

"ಅದಕ್ಕೆ ಎಚ್ಚರಾನಾದ್ರೂ ಎಲ್ಲಿದೆಯೋ, ಮುಂಡೇದೇ!" ಎಂದು ಹಗ್ಗ ಬಿಚ್ಚಿ ಕೆನ್ನೆಗೆ ಒತ್ತಿಕೊಂಡೆ. ನಾಲ್ಕು ಎಳೆತ. ತಡೆದು ಮತ್ತೆ ನಾಲ್ಕು. ನಾಲ್ಕೆಂದರೆ 'ಮೇಲೆಳೆಯಿರಿ' ಎಂದು ಈ ಕೊಲ್ಲಿಯ ನಾಯಿಗೂ ಗೊತ್ತು. ಚಹಾ ತಂದಿದ್ದ ಅಡುಗೆಯ ಗ್ಲಾಫೀರಾಳೂ ಕೈ ಹಾಕಿದಳು, ಇಬ್ಬರೂ ಎಳೆದೆವು. ಡಾಕ್ಟರ ಬಾಯಿಗಿಟ್ಟ ಉಸಿರಿನ ಕವಾಟ ಹೆಪ್ಪುಗಟ್ಟಿ ಗಾಳಿಯೆಲ್ಲ ಸೋರಿಹೋಗಿತ್ತು. ತುಟಿ ನೀಲಿಯಾಗಿತ್ತು. "ಬಂದ್ರಲ್ಲ, ಇನ್ನೇನು?" ಎಂದ ನಿನ್ನ ಆ ರೋದಿಯೋನ್ ಮಹಾರಾಯ!

ಹೌದು, ಕೆನ್ನೆಗೇ ಒತ್ತುತ್ತೇನೆ. ಎರಡು ವರ್ಷದಿಂದ ನನ್ನ ಬೆರಳುಗಳು ಜೋಮು ಹಿಡಿದಿವೆ. ಹೇಳಿದ್ದರೆ ನೀನು ಅಂದೇ ನನ್ನಿಂದ ಹಗ್ಗ ಬಿಡಿಸುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ತಪ್ಪು ನನ್ನದೇ, ಒಪ್ಪಿದೆ. ಆದರೆ ಕಣ್ಣು ಮುಚ್ಚಿ ಹಗ್ಗಕ್ಕೆ ಕೆನ್ನೆ ಕೊಟ್ಟವಳನ್ನು ನೋಡಿ ನಿದ್ದೆ ಎಂದವನ ಕೈಗೆ ಹದಿನಾಲ್ಕನೇ ತಾರೀಖು ನಿನ್ನ ಜೀವ ಕೊಟ್ಟು ಮುಳುಗುತ್ತೀಯಾ? ಹೆತ್ತವಳು ದಡದಲ್ಲಿ ನಿಂತು ಅದನ್ನು ನೋಡಬೇಕೇ?

ನಿನ್ನ ಅಮ್ಮ,
ಫೆವ್ರೋನ್ಯಾ

ಮತ್ತೊಂದು: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಆ ಮೊದಲ ನಾಲ್ಕು ಎಳೆತ ನನಗೆ ತಿಳಿಯಲಿಲ್ಲ. ಈಗ ಕೆನ್ನೆಯೂ ಮರಗಟ್ಟುತ್ತಿದೆ. ಗ್ಲಾಫೀರಾಳೇ ಬರಿಗೈಯನ್ನು ಹಗ್ಗದ ಮೇಲಿಟ್ಟು, "ಅಕ್ಕಾ, ಕರೀತಿದ್ದಾರೆ!" ಎಂದಳು. ನಿನ್ನೆ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ದಿನವಿಡೀ ಹಗ್ಗ ಜಗ್ಗಿ ನೋಡಿದೆ, ಒಂದೂ ತಪ್ಪಲಿಲ್ಲ. ಹಗ್ಗ ನನಗೆ ಬೇಡ, ಅವಳಿಗೆ ಕೊಡು. ಮೀನಿನ ಲಾರಿಯವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹೂಂ ಎನ್ನುತ್ತೀಯೋ ಇಲ್ಲವೋ, ಹನ್ನೆರಡನೇ ತಾರೀಖಿನೊಳಗೆ ಉತ್ತರ ಬರಬೇಕು.